ಆರ್‌ಆರ್‌ಡಿಕ್ಯಾಶ್‌ಡಿ ವಿಮರ್ಶೆ: ಲಕ್ಷ ಫೈಲ್‌ಗಳ ಭಾರದಲ್ಲಿ ಡಿಸ್ಕ್‌ನಿಂದ ಎಷ್ಟು ಇಳಿಯುತ್ತದೆ?

ದೊಡ್ಡ ನೆಟ್‌ವರ್ಕ್‌ನ ಮೇಲೆ ಕಣ್ಣಿಟ್ಟಿರುವ ಮಾನಿಟರಿಂಗ್ ಸರ್ವರ್ ಸೋಲುವುದು ಹೆಚ್ಚಾಗಿ ಒಂದೇ ರೀತಿಯಲ್ಲಿ. ಸಿಪಿಯುಗೆ ಹೇಳಿಕೊಳ್ಳುವಂಥ ಕೆಲಸವಿರುವುದಿಲ್ಲ, ಡಿಸ್ಕ್‌ನಲ್ಲಿ ಜಾಗವೂ ಬೇಕಾದಷ್ಟು ಉಳಿದಿರುತ್ತದೆ. ಆದರೂ ಸಾಧನಗಳನ್ನೆಲ್ಲ ಕೇಳಿ ಅಂಕಿ ತರುವ ಐದು ನಿಮಿಷದ ಪೋಲಿಂಗ್ ಸುತ್ತು ಐದು ನಿಮಿಷದಲ್ಲಿ ಮುಗಿಯುವುದಿಲ್ಲ, ಗ್ರಾಫ್‌ಗಳ ನಡುನಡುವೆ ಖಾಲಿ ಕಂಡಿಗಳು ಬೀಳುತ್ತವೆ. ಬಹಳ ಜನ ಮೊದಲು ಎಸ್‌ಎನ್‌ಎಂಪಿ (ಸಾಧನಗಳಿಂದ ಅಂಕಿ ಕೇಳುವ ಪ್ರೋಟೋಕಾಲ್) ಟೈಮ್‌ಔಟ್ ತಿದ್ದಲು ಹೋಗುತ್ತಾರೆ. ಅದಕ್ಕಿಂತ ಮೊದಲು ‘ಟಾಪ್’ ತೆರೆದು ಐಒವೇಟ್ ಅಂಕಿ, ಅಂದರೆ ಸಿಪಿಯು ಡಿಸ್ಕ್‌ಗಾಗಿ ಕಾಯುತ್ತಾ ಕಳೆಯುವ ಹೊತ್ತು, ನೋಡುವುದು ಒಳ್ಳೆಯದು. ಅದು ಏರಿ ಕೂತಿದ್ದರೆ ತೊಂದರೆ ರೂಟರ್‌ನದಲ್ಲ, ಡಿಸ್ಕ್‌ನದು.

ಕ್ಯಾಕ್ಟೈ, ಲಿಬ್ರೆಎನ್‌ಎಂಎಸ್, ಕಲೆಕ್ಟ್‌ಡಿಯಂಥ ಮಾನಿಟರಿಂಗ್ ವ್ಯವಸ್ಥೆಗಳು ಅಂಕಿಗಳನ್ನು ಆರ್‌ಆರ್‌ಡಿಟೂಲ್ ಎಂಬ ಸಾಧನದ ಸ್ಥಿರ ಗಾತ್ರದ ಫೈಲ್‌ಗಳಲ್ಲಿ ಇಡುತ್ತವೆ, ಇಲ್ಲವೇ ಇಡಬಲ್ಲವು. ಟೋಬಿಯಾಸ್ ಓಟಿಕರ್ 1999ರಲ್ಲಿ ಬಿಟ್ಟ ಈ ಸಾಧನಕ್ಕೆ 2009ರ 1.4 ಆವೃತ್ತಿಯಲ್ಲಿ ಒಂದು ಡೀಮನ್, ಅಂದರೆ ಹಿನ್ನೆಲೆಯಲ್ಲಿ ಸದಾ ಓಡುವ ಪ್ರೋಗ್ರಾಂ, ಸೇರಿತು. ಅದೇ ಆರ್‌ಆರ್‌ಡಿಕ್ಯಾಶ್‌ಡಿ. ಬರೆದವರು ಕಲೆಕ್ಟ್‌ಡಿಯ ಕರ್ತೃ ಫ್ಲೋರಿಯನ್ ಫಾರ್ಸ್ಟರ್. ಪೋಲರ್ (ಪೋಲಿಂಗ್ ಮಾಡುವ ಪ್ರೋಗ್ರಾಂ) ಕೊಡುವ ಅಂಕಿಗಳನ್ನು ಕೂಡಲೇ ಡಿಸ್ಕ್‌ಗೆ ಬರೆಯದೆ ಮೆಮೊರಿಯಲ್ಲಿ ಕೂಡಿಹಾಕಿ, ಒಂದು ಫೈಲ್‌ನದನ್ನೆಲ್ಲ ಒಟ್ಟಿಗೆ ಬರೆಯುವುದು ಅದರ ಕೆಲಸ. ಮಾತಿನಲ್ಲಿ ಸರಳ. ಲಾಭ ಎಷ್ಟೆಂಬುದು ಮಾತ್ರ ಲೆಕ್ಕ ಹಾಕಿದಾಗಲೇ ತಿಳಿಯುತ್ತದೆ, ಮತ್ತು ಆ ಲೆಕ್ಕ ಮೊದಲ ನೋಟಕ್ಕೆ ಕಾಣುವಂತಿಲ್ಲ.

ಮೊದಲು ಭಾರದ ಲೆಕ್ಕ

ಒಂದು ಪೋರ್ಟ್‌ನ ಒಳಬರುವ ಮತ್ತು ಹೊರಹೋಗುವ ಟ್ರಾಫಿಕ್ ಇಡುವ ಒಂದು ಫೈಲ್ ತೆಗೆದುಕೊಳ್ಳಿ. ಅದರಲ್ಲಿ ಬೇರೆ ಬೇರೆ ಅವಧಿಗೆ ಕ್ರೋಡೀಕರಿಸಿದ ಪಟ್ಟಿಗಳಿರುತ್ತವೆ: ಐದು ನಿಮಿಷದ 600 ಸಾಲು, ಅರ್ಧ ಗಂಟೆಯ 700, ಎರಡು ಗಂಟೆಯ 775, ದಿನದ 797. ಇವುಗಳಲ್ಲಿ ಸರಾಸರಿಗೆ ಒಂದು ಪ್ರತಿ, ಗರಿಷ್ಠಕ್ಕೆ ಇನ್ನೊಂದು. ಒಟ್ಟು 5,744 ಸಾಲು, ಪ್ರತಿ ಸಾಲಿನಲ್ಲಿ 8 ಬೈಟ್‌ನ ಎರಡು ಅಂಕಿ. ಇದಕ್ಕೆ 2,912 ಬೈಟ್‌ನ ಹೆಡರ್ ಸೇರಿದರೆ ಫೈಲ್‌ನ ಗಾತ್ರ 94,816 ಬೈಟ್. ಹುಟ್ಟಿದ ದಿನವೂ ಅಷ್ಟೇ, ಹತ್ತು ವರ್ಷದ ನಂತರವೂ ಅಷ್ಟೇ. ಇಂಥ 1,00,000 ಫೈಲ್ ಸೇರಿದರೂ 9.5 ಜಿಬಿ ದಾಟುವುದಿಲ್ಲ. ಜಾಗ ಇಲ್ಲಿ ಸಮಸ್ಯೆಯೇ ಅಲ್ಲ.

ಸಮಸ್ಯೆ ಬರಹದ ಸಂಖ್ಯೆಯಲ್ಲಿದೆ. ಡಿಸ್ಕ್‌ಗೆ ಬರೆಯುವುದು 4 ಕೆಬಿಯ ಬ್ಲಾಕ್‌ಗಳಲ್ಲಿ. ಪ್ರತಿ ಅಪ್‌ಡೇಟ್‌ನಲ್ಲಿ ಹೆಡರ್ ಇರುವ ಬ್ಲಾಕ್ ಒಂದು, ಐದು ನಿಮಿಷದ ಸರಾಸರಿ ಮತ್ತು ಗರಿಷ್ಠಕ್ಕೆ ಒಂದೊಂದು ಬ್ಲಾಕ್ ಬದಲಾಗುತ್ತವೆ. ಆರು ಅಪ್‌ಡೇಟ್‌ಗೊಮ್ಮೆ ಅರ್ಧ ಗಂಟೆಯ ಎರಡು ಬ್ಲಾಕ್, 24ಕ್ಕೊಮ್ಮೆ ಎರಡು ಗಂಟೆಯವು, 288ಕ್ಕೊಮ್ಮೆ ದಿನದವು. ಸರಾಸರಿ ತೆಗೆದರೆ ಅಪ್‌ಡೇಟ್‌ಗೆ 3.42 ಬ್ಲಾಕ್. ಲಕ್ಷ ಫೈಲ್ 300 ಸೆಕೆಂಡಿನಲ್ಲಿ ಎಂದರೆ ಸೆಕೆಂಡಿಗೆ 333 ಅಪ್‌ಡೇಟ್, ಸುಮಾರು 1,140 ಚದುರಿದ ಬರಹ. ಪಕ್ಕಪಕ್ಕದ ಬ್ಲಾಕ್‌ಗಳನ್ನು ಕರ್ನಲ್ (ಆಪರೇಟಿಂಗ್ ಸಿಸ್ಟಂನ ತಿರುಳು) ಜೋಡಿಸಿದರೆ ಸ್ವಲ್ಪ ಇಳಿಯುತ್ತದೆ, ಫೈಲ್‌ಸಿಸ್ಟಂ ತನ್ನ ಮೆಟಾಡೇಟಾ ಬರೆದರೆ ಸ್ವಲ್ಪ ಏರುತ್ತದೆ. ಅಂದಾಜಿಗೆ ಈ ಅಂಕಿ ಸಾಕು.

ನಿಮಿಷಕ್ಕೆ 7,200 ಸುತ್ತಿನ ಹಾರ್ಡ್‌ಡಿಸ್ಕ್ ಅರ್ಧ ಸುತ್ತಿಗೆ 4.17 ಮಿಲಿಸೆಕೆಂಡ್ ತೆಗೆದುಕೊಳ್ಳುತ್ತದೆ. ಹೆಡ್ ಸರಿಯುವ 8ರಿಂದ 9 ಮಿಲಿಸೆಕೆಂಡ್ ಸೇರಿಸಿದರೆ ಸೆಕೆಂಡಿಗೆ 80ರ ಆಸುಪಾಸಿನ ಚದುರಿದ ಬರಹ. ಹಲವು ಡಿಸ್ಕ್‌ಗಳನ್ನು ಒಂದಾಗಿ ಕಟ್ಟುವ ರೇಡ್ ವಿಧಾನಗಳಲ್ಲಿ ರೇಡ್ 10ರಲ್ಲಿ ಪ್ರತಿ ಬರಹ ಎರಡಾಗುತ್ತದೆ, ಹಾಗಾಗಿ ಈ ಭಾರಕ್ಕೆ 29 ಡಿಸ್ಕ್ ಬೇಕು. ರೇಡ್ 5ರಲ್ಲಿ ಒಂದು ಸಣ್ಣ ಬರಹಕ್ಕೆ ಎರಡು ಓದು, ಎರಡು ಬರಹ, ಅಲ್ಲಿ 57. ಒಂಬತ್ತೂವರೆ ಜಿಬಿ ಮಾಹಿತಿಗೆ 57 ಡಿಸ್ಕ್!

ಡೀಮನ್‌ಗಿಂತ ಮೊದಲು ರ‍್ಯಾಮ್

ವಿಮರ್ಶೆ ಡೀಮನ್‌ನದೇ ಆದರೂ ಇದನ್ನು ಮೊದಲೇ ಹೇಳಬೇಕು, ಏಕೆಂದರೆ ಇಲ್ಲಿ ತಪ್ಪಿದವರಿಗೆ ಡೀಮನ್ ಹಾಕಿದರೂ ಪೂರ್ತಿ ಫಲ ಸಿಗುವುದಿಲ್ಲ. 4 ಕೆಬಿ ಬ್ಲಾಕ್‌ನಲ್ಲಿ 16 ಬೈಟ್ ಬದಲಿಸಲು ಕರ್ನಲ್‌ಗೆ ಉಳಿದ 4,080 ಬೈಟ್ ಗೊತ್ತಿರಬೇಕು. ಆ ಬ್ಲಾಕ್ ಪೇಜ್ ಕ್ಯಾಶ್‌ನಲ್ಲಿ (ಡಿಸ್ಕ್‌ನ ಬ್ಲಾಕ್‌ಗಳ ಪ್ರತಿಗಳನ್ನು ಕರ್ನಲ್ ಇಟ್ಟುಕೊಳ್ಳುವ ರ‍್ಯಾಮ್‌ನ ಭಾಗ) ಇಲ್ಲದಿದ್ದರೆ ಮೊದಲು ಡಿಸ್ಕ್‌ನಿಂದ ಓದಬೇಕು. ಬರಹವನ್ನು ಕರ್ನಲ್ ಹಿನ್ನೆಲೆಯಲ್ಲಿ ನಿಧಾನವಾಗಿ ಮಾಡಬಹುದು, ಓದಿಗೆ ಮಾತ್ರ ಪ್ರೋಗ್ರಾಂ ಕಾದು ನಿಲ್ಲಲೇಬೇಕು. ‘ಐಒಸ್ಟ್ಯಾಟ್ -ಎಕ್ಸ್’ ಹಾಕಿದಾಗ ಬರಹವಷ್ಟೇ ಕಾಣಬೇಕಾದ ಕಡೆ ಓದಿನ ಕಾಲಂನಲ್ಲಿ ನೂರಾರು ಕಂಡರೆ ರ‍್ಯಾಮ್ ಸಾಲುತ್ತಿಲ್ಲವೆಂದೇ ಅರ್ಥ.

ಎಷ್ಟು ಬೇಕು? ಒಂದು ಫೈಲ್‌ನಲ್ಲಿ ಯಾವುದೇ ಹೊತ್ತಿನಲ್ಲಿ ಬಿಸಿಯಾಗಿರುವುದು ಹೆಡರ್ ಒಂದು, ಎಂಟು ಪಟ್ಟಿಗಳ ಬ್ಲಾಕ್ ಎಂಟು, ಒಟ್ಟು 9 ಬ್ಲಾಕ್. ಲಕ್ಷ ಫೈಲ್‌ಗೆ ಸುಮಾರು 3.7 ಜಿಬಿ. ಗ್ರಾಫ್ ನೋಡುವವರಿಗೂ ಸೇರಿಸಿ ಇಡೀ 9.5 ಜಿಬಿ ಕ್ಯಾಶ್‌ನಲ್ಲಿ ಕೂತರೆ ಇನ್ನೂ ಒಳ್ಳೆಯದು. ಡೇಟಾಬೇಸ್, ಪಿಎಚ್‌ಪಿ, ಪೋಲರ್ ಎಲ್ಲ ಉಂಡು ಬಿಟ್ಟ ಮೇಲೆ ಉಳಿಯುವ ರ‍್ಯಾಮ್ ಇಷ್ಟಿರಬೇಕು ಎಂಬುದನ್ನು ಮರೆಯಬಾರದು.

ಹಳೆಯ ಆರ್‌ಆರ್‌ಡಿಟೂಲ್ ಇದನ್ನೂ ಕೆಡಿಸುತ್ತಿತ್ತು. ಫೈಲ್ ತೆರೆದ ಕೂಡಲೇ ಕರ್ನಲ್ ಮುಂದಿನ ಭಾಗವೂ ಬೇಕಾಗಬಹುದೆಂದು ಊಹಿಸಿ ಓದಿಕೊಳ್ಳುತ್ತಿತ್ತು. ಬೇಡದ ಬ್ಲಾಕ್‌ಗಳು ಕ್ಯಾಶ್ ತುಂಬಿಕೊಂಡು ಬೇಕಾದವನ್ನು ಹೊರಗೆ ತಳ್ಳುತ್ತಿದ್ದವು. ವಿಸ್ಕಾನ್ಸಿನ್-ಮ್ಯಾಡಿಸನ್ ವಿಶ್ವವಿದ್ಯಾಲಯದ ಡೇವ್ ಪ್ಲಾಂಕಾ ಮತ್ತು ಸಂಗಡಿಗರು 2007ರಲ್ಲಿ ಇದನ್ನು ಅಳೆದು ತೋರಿಸಿದರು. ಈ ಫೈಲ್ ಚದುರಿದಂತೆ ಓದುವಂಥದ್ದು ಎಂದು ಕರ್ನಲ್‌ಗೆ ಮುಂಚೆಯೇ ತಿಳಿಸುವ ವ್ಯವಸ್ಥೆ 1.3ರಿಂದ ಆರ್‌ಆರ್‌ಡಿಟೂಲ್‌ನ ಒಳಗೇ ಇದೆ.

ಡೀಮನ್ ಏನು ಕೊಡುತ್ತದೆ

ಹೊಂದಿಸಬೇಕಾದ ಮುಖ್ಯ ಗುಂಡಿ ‘-ಡಬ್ಲ್ಯೂ’, ಅಂದರೆ ಒಂದು ಫೈಲ್‌ನ ಅಂಕಿಗಳನ್ನು ಎಷ್ಟು ಸೆಕೆಂಡ್ ಹಿಡಿದಿಡಬೇಕು ಎಂಬುದು. ಅದರ ಪೂರ್ವನಿಯೋಜಿತ ಬೆಲೆ 300. ಈ ವಿಮರ್ಶೆಯ ಮೊದಲ ದೂರು ಇದೇ. ಐದು ನಿಮಿಷಕ್ಕೊಮ್ಮೆ ಒಂದು ಅಂಕಿ ಬರುವಲ್ಲಿ 300 ಸೆಕೆಂಡ್ ಹಿಡಿದಿಟ್ಟು ಏನು ಉಳಿಯಿತು? ಕೂಡಿಬೀಳುವುದು ಒಂದೋ ಎರಡೋ. ಪೋಲರ್ ಕಾಯುವುದು ತಪ್ಪುತ್ತದೆ ನಿಜ, ಡಿಸ್ಕ್ ಬರಹ ಮಾತ್ರ ಹೆಚ್ಚೇನೂ ಇಳಿಯುವುದಿಲ್ಲ. ಡೀಮನ್ ಹಾಕಿದೆವು, ಪ್ರಯೋಜನ ಕಾಣಲಿಲ್ಲ ಎನ್ನುವವರಲ್ಲಿ ಅನೇಕರು ಈ ಅಂಕಿಯನ್ನು ಮುಟ್ಟಿಯೇ ಇರುವುದಿಲ್ಲ.

ಐದು ನಿಮಿಷದ ಪೋಲಿಂಗ್‌ಗೆ ‘-ಡಬ್ಲ್ಯೂ 1800 -ಝಡ್ 1800 -ಎಫ್ 3600’ ಒಳ್ಳೆಯ ಆರಂಭ. ‘-ಝಡ್’ ಎಂದರೆ ಪ್ರತಿ ಫೈಲ್‌ನ ಬರಹವನ್ನು 0ರಿಂದ 1,800 ಸೆಕೆಂಡಿನೊಳಗೆ ಯಾದೃಚ್ಛಿಕವಾಗಿ ಮುಂದೂಡುವುದು. ಇದಿಲ್ಲದೆ ಹೋದರೆ ಲಕ್ಷ ಫೈಲ್‌ಗಳೂ ಅರ್ಧ ಗಂಟೆಗೊಮ್ಮೆ ಒಟ್ಟಿಗೇ ಬಾಗಿಲು ತಟ್ಟುತ್ತವೆ. ‘-ಝಡ್’ ಬೆಲೆ ‘-ಡಬ್ಲ್ಯೂ’ಗಿಂತ ಹೆಚ್ಚಿರಬಾರದು. ಸಣ್ಣಕ್ಷರದ ‘-ಎಫ್’ ಅಂಕಿ ಬರುವುದು ನಿಂತುಹೋದ ಫೈಲ್‌ಗಳನ್ನು ಹುಡುಕಿ ಬರೆಯುವ ಅಂತರ, 3,600ಕ್ಕೆ ಬಿಡಬಹುದು.

ಎರಡೂ 1,800 ಇದ್ದಾಗ ಒಂದು ಫೈಲ್‌ನ ಎರಡು ಬರಹಗಳ ನಡುವೆ ಸರಾಸರಿ 2,700 ಸೆಕೆಂಡ್, ಅಂದರೆ 9 ಅಂಕಿ ಒಟ್ಟಿಗೆ. ಹಾಗಾದರೆ ಭಾರ ಒಂಬತ್ತನೇ ಒಂದಕ್ಕೆ ಇಳಿಯಬೇಕಲ್ಲವೇ? ಇಳಿಯುವುದಿಲ್ಲ. ಐದು ನಿಮಿಷದ ಒಂಬತ್ತು ಸಾಲು ಒಂದೇ ಬ್ಲಾಕ್‌ನಲ್ಲಿ ಬೀಳುತ್ತವೆ, ಅದು ಲಾಭ. ಆದರೆ ಈಗ ಪ್ರತಿ ಬರಹದಲ್ಲೂ ಅರ್ಧ ಗಂಟೆಯ ಎರಡು ಬ್ಲಾಕ್ ಕಡ್ಡಾಯವಾಗಿ ಬರುತ್ತವೆ, ಎರಡು ಗಂಟೆಯವು ಮೂರಕ್ಕೊಂದು ಸಲಕ್ಕಿಂತ ಹೆಚ್ಚು ಬರುತ್ತವೆ. ಬರಹಕ್ಕೆ 3.42 ಬ್ಲಾಕ್ ಇದ್ದದ್ದು 5.8 ಆಗುತ್ತದೆ. ಸೆಕೆಂಡಿಗೆ 37 ಫೈಲ್, 215 ಬ್ಲಾಕ್. 1,140ರಿಂದ 215ಕ್ಕೆ, ಅಂದರೆ ಐದು ಪಟ್ಟಿಗಿಂತ ತುಸು ಹೆಚ್ಚು. ರೇಡ್ 10ರಲ್ಲಿ 29 ಡಿಸ್ಕ್ ಕೇಳುತ್ತಿದ್ದ ಕೆಲಸ 6ಕ್ಕೆ ಮುಗಿಯುತ್ತದೆ. ಒಂದು ಉಚಿತ ಡೀಮನ್‌ಗೆ ಇದು ಕಡಿಮೆ ಸಾಧನೆಯಲ್ಲ.

ನಿಜವಾದ ಬಲ ಗೊತ್ತಾಗುವುದು ಒಂದು ನಿಮಿಷದ ಪೋಲಿಂಗ್‌ಗೆ ಹೋದಾಗ. ಡೀಮನ್ ಇಲ್ಲದಿದ್ದರೆ ಅಪ್‌ಡೇಟ್ ಐದು ಪಟ್ಟು, ಡಿಸ್ಕ್ ಬರಹವೂ ಹತ್ತಿರ ಹತ್ತಿರ ಐದು ಪಟ್ಟು. ಡೀಮನ್ ಇದ್ದರೆ 2,700 ಸೆಕೆಂಡಿನಲ್ಲಿ 45 ಸಾಲು, 720 ಬೈಟ್. ಅವೂ ಬಹುತೇಕ ಒಂದೇ ಬ್ಲಾಕ್‌ನೊಳಗೆ ಹಿಡಿಸುತ್ತವೆ. ಪೋಲಿಂಗ್ ಅಂತರ ಎಷ್ಟೇ ಇದ್ದರೂ ಡಿಸ್ಕ್ ನೋಡುವುದು ಫ್ಲಶ್ ಅಂತರವನ್ನು, ಅಂದರೆ ಡೀಮನ್ ಕೂಡಿಟ್ಟದ್ದನ್ನು ಡಿಸ್ಕ್‌ಗೆ ಬರೆಯುವ ಅಂತರವನ್ನು ಮಾತ್ರ. ಈ ಡೀಮನ್ ಹಾಕಲು ಇದಕ್ಕಿಂತ ದೊಡ್ಡ ಕಾರಣ ಬೇಕಿಲ್ಲ.

ಇನ್ನೊಂದು ಗುಣ ಅಷ್ಟಾಗಿ ಚರ್ಚೆಗೆ ಬರುವುದಿಲ್ಲ. ಆರ್‌ಆರ್‌ಡಿಯ ಕ್ರೋಡೀಕರಣದ ಗಡಿಗಳು ಯುಟಿಸಿ ಸಮಯಕ್ಕೆ ಕಟ್ಟಿಕೊಂಡಿವೆ. ಎರಡು ಗಂಟೆಗೊಮ್ಮೆ ಎಲ್ಲ ಫೈಲ್‌ಗಳೂ ಒಂದೇ ಸುತ್ತಿನಲ್ಲಿ 7 ಬ್ಲಾಕ್ ಬರೆಯುತ್ತವೆ, ಯುಟಿಸಿ ಮಧ್ಯರಾತ್ರಿ 9. ದಿನಕ್ಕೊಮ್ಮೆ ಒಂದೇ ಹೊತ್ತಿಗೆ ಗ್ರಾಫ್‌ನಲ್ಲಿ ಕಂಡಿ ಬೀಳುತ್ತಿದ್ದರೆ ಕ್ರಾನ್ (ನಿಗದಿತ ಹೊತ್ತಿಗೆ ಓಡುವ) ಕೆಲಸಗಳನ್ನು ಶಂಕಿಸುವ ಮೊದಲು ಈ ಗಡಿಯನ್ನು ನೋಡಿ. ‘-ಝಡ್’ ಹಾಕಿದ ಮೇಲೆ ಆ ಅಲೆ ಅರ್ಧ ಗಂಟೆಗೂ ಮೀರಿ ಹರಡಿಹೋಗುತ್ತದೆ.

ಬದಲಾದ ಬ್ಲಾಕ್ ರ‍್ಯಾಮ್‌ನಲ್ಲಿ ಎಷ್ಟು ಹೊತ್ತು ಕಾಯಬಹುದು ಎಂದು ಹೇಳುವ ಕರ್ನಲ್‌ನ ‘ಡರ್ಟಿ ಎಕ್ಸ್‌ಪೈರ್’ ಅವಧಿಯನ್ನು 30 ಸೆಕೆಂಡಿನಿಂದ ಹತ್ತು ನಿಮಿಷಕ್ಕೆ ಏರಿಸಿ ಇದೇ ಫಲ ಪಡೆಯುವವರಿದ್ದಾರೆ. ಕೆಲಸ ಮಾಡುತ್ತದೆ. ಆದರೆ ಕರೆಂಟ್ ಹೋದರೆ ಆ ಯಂತ್ರದ ಎಲ್ಲ ಪ್ರೋಗ್ರಾಂಗಳ ಹತ್ತು ನಿಮಿಷದ ಬರಹವೂ ಹೋಗುತ್ತದೆ. ಡೀಮನ್‌ಗೆ ಜರ್ನಲ್, ಅಂದರೆ ಬಂದ ಅಂಕಿಗಳನ್ನು ಆಗಿಂದಾಗ್ಗೆ ಡಿಸ್ಕ್‌ನಲ್ಲಿ ಗುರುತು ಹಾಕಿಡುವ ದಾಖಲೆ, ಇದೆ, ಕರ್ನಲ್‌ನ ಈ ಉಪಾಯಕ್ಕೆ ಇಲ್ಲ.

ಎಲ್ಲಿ ಕೈಕೊಡುತ್ತದೆ

ಲಾಭವನ್ನು ಸದ್ದಿಲ್ಲದೆ ತಿಂದುಹಾಕುವುದು ಗ್ರಾಫ್‌ಗಳೇ. ಗ್ರಾಫ್ ಕೇಳಿದಾಗ ಡೀಮನ್ ಆ ಫೈಲ್‌ನ ಬಾಕಿ ಅಂಕಿಗಳನ್ನು ಸರದಿ ಮುರಿದು ತಕ್ಷಣ ಬರೆಯುತ್ತದೆ, ಇಲ್ಲವಾದರೆ ಗ್ರಾಫ್ ಹಳತಾಗಿರುತ್ತದೆ. ಯಾರೋ ಒಬ್ಬರು ಒಂದು ಪೋರ್ಟ್ ನೋಡಿದರೆ ಏನೂ ಆಗದು. ಗೋಡೆಯ ಮೇಲಿನ ಪರದೆಯೊಂದು ನಿಮಿಷಕ್ಕೊಮ್ಮೆ ಐನೂರು ಗ್ರಾಫ್ ತಾಜಾ ಮಾಡುತ್ತಿದ್ದರೆ ಆ ಐನೂರು ಫೈಲ್‌ಗಳಿಗೆ ಕ್ಯಾಶ್ ಇದ್ದೂ ಇಲ್ಲದಂತೆ. ಎಲ್ಲ ಪೋರ್ಟ್‌ಗಳ ಪುಟ್ಟ ಗ್ರಾಫ್‌ಗಳನ್ನು ರಾತ್ರಿಯೆಲ್ಲ ಮುಂಚಿತವಾಗಿ ಚಿತ್ರಿಸಿಡುವ ಸ್ಕ್ರಿಪ್ಟ್ ಇದ್ದರೆ ಅದನ್ನು ತೆಗೆದುಬಿಡಿ.

ಇದರ ಉಲ್ಟಾ ತೊಂದರೆಯೂ ಇದೆ. ಎಚ್ಚರಿಕೆ ಕಳಿಸುವ ಹಳೆಯ ಸ್ಕ್ರಿಪ್ಟ್‌ಗಳು ಫೈಲನ್ನು ನೇರವಾಗಿ ಓದುತ್ತಿದ್ದರೆ ಅವುಗಳಿಗೆ ಸಿಗುವುದು ಒಂದು ಗಂಟೆಯವರೆಗೆ ಹಳೆಯ ಅಂಕಿ. ಲಿಂಕ್ ಬಿದ್ದು ಮುಕ್ಕಾಲು ಗಂಟೆಯಾದರೂ ಸ್ಕ್ರಿಪ್ಟ್ ನಿಶ್ಚಿಂತೆಯಿಂದಿರುತ್ತದೆ. ಅಂಥ ಪ್ರತಿ ಸ್ಕ್ರಿಪ್ಟ್‌ಗೂ ‘--ಡೀಮನ್’ ಆಯ್ಕೆ ಕೊಡಬೇಕು, ಅಥವಾ ‘ಆರ್‌ಆರ್‌ಡಿಕ್ಯಾಶ್‌ಡಿ_ಅಡ್ರೆಸ್’ ಎನ್‌ವಿರಾನ್‌ಮೆಂಟ್ ವೇರಿಯೆಬಲ್‌ನಲ್ಲಿ ಸಾಕೆಟ್ (ಡೀಮನ್ ಜೊತೆ ಮಾತಾಡುವ ಬಾಗಿಲು) ವಿಳಾಸ ಇಡಬೇಕು. ಡೀಮನ್ ಹಾಕುವ ಮುನ್ನ ಆರ್‌ಆರ್‌ಡಿ ಫೈಲ್ ಮುಟ್ಟುವವರು ಯಾರ‍್ಯಾರು ಎಂದು ಪಟ್ಟಿ ಮಾಡಿಕೊಳ್ಳುವುದು ಕ್ಷೇಮ.

ಜರ್ನಲ್‌ಗೆ ‘-ಜೆ’ ಕೊಟ್ಟು ಬೇರೆ ಡಿಸ್ಕ್‌ನ ಡೈರೆಕ್ಟರಿ ತೋರಿಸಿ. ಜರ್ನಲ್ ಬರಹ ಸಾಲಾಗಿ ಹೋಗುವಂಥದ್ದು, ಆದರೆ ಅದೇ ಹಾರ್ಡ್‌ಡಿಸ್ಕ್‌ನಲ್ಲಿಟ್ಟರೆ ಹೆಡ್ ಅಲ್ಲಿಗೂ ಇಲ್ಲಿಗೂ ಓಡಾಡುತ್ತಲೇ ಇರುತ್ತದೆ. ಒಂದು ಅಪ್‌ಡೇಟ್‌ಗೆ ಸುಮಾರು 100 ಬೈಟ್ ಎಂದುಕೊಂಡರೆ ಗಂಟೆಗೆ 120 ಎಂಬಿ. ಹಳೆಯದೂ ಹೊಸದೂ ಸ್ವಲ್ಪ ಹೊತ್ತು ಒಟ್ಟಿಗೆ ಇರುವುದರಿಂದ 1 ಜಿಬಿ ಮೀಸಲಿಟ್ಟರೆ ಸಾಕು. ಕ್ರ್ಯಾಶ್ ನಂತರ ಮೇಲೆದ್ದಾಗ ಡೀಮನ್ ಇಡೀ ಜರ್ನಲ್ ಓದಿ ಮುಗಿಸುವವರೆಗೆ ಯಾರನ್ನೂ ಒಳಗೆ ಬಿಡುವುದಿಲ್ಲ. ಆ ಹೊತ್ತಿನಲ್ಲಿ ಪೋಲರ್ ಲಾಗ್‌ನಲ್ಲಿ ಕನೆಕ್ಷನ್ ದೋಷ ಬಂದರೆ ಗಾಬರಿ ಬೇಡ.

ನಿಲ್ಲಿಸುವಾಗಿನ ಎಡವಟ್ಟು ಇದಕ್ಕಿಂತ ಕೆಟ್ಟದ್ದು. ಜರ್ನಲ್ ಇದ್ದರೆ ಡೀಮನ್ ಬಾಕಿಯನ್ನು ಬರೆಯದೆ ತಟ್ಟನೆ ಹೊರಟುಬಿಡುತ್ತದೆ, ಮುಂದಿನ ಸಲ ಜರ್ನಲ್‌ನಿಂದ ತುಂಬಿಕೊಳ್ಳುತ್ತದೆ. ದೊಡ್ಡಕ್ಷರದ ‘-ಎಫ್’ ಕೊಟ್ಟಿದ್ದರೆ, ಅಥವಾ ಜರ್ನಲ್ ಇಲ್ಲದಿದ್ದರೆ, ಲಕ್ಷ ಫೈಲ್‌ಗಳ ಬಾಕಿಯನ್ನೆಲ್ಲ ಬರೆದು ಮುಗಿಸಲು ಕೂರುತ್ತದೆ. ಹಾರ್ಡ್‌ಡಿಸ್ಕ್‌ನಲ್ಲಿ ಇದಕ್ಕೆ ಹಲವು ನಿಮಿಷ ಬೇಕು. ಲಿನಕ್ಸ್‌ನಲ್ಲಿ ಡೀಮನ್‌ಗಳನ್ನು ಶುರು ಮಾಡಿ ನಿಲ್ಲಿಸುವ ಸಿಸ್ಟಂಡಿ ಕಾಯುವುದು ಪೂರ್ವನಿಯೋಜಿತವಾಗಿ 90 ಸೆಕೆಂಡ್, ಆಮೇಲೆ ಕೊಂದೇಬಿಡುತ್ತದೆ. ಜರ್ನಲ್ ಇಲ್ಲದವರ ಬಾಕಿ ಅಲ್ಲಿಗೆ ಹೋಯಿತು. ‘ಟೈಮ್‌ಔಟ್‌ಸ್ಟಾಪ್‌ಸೆಕ್’ ಅನ್ನು 900ರಷ್ಟಕ್ಕೆ ಏರಿಸಿಡಿ.

ದೋಷಗಳು ಕಾಣುವ ಜಾಗವೂ ಬದಲಾಗುತ್ತದೆ. ಮೊದಲು ಅಪ್‌ಡೇಟ್ ವಿಫಲವಾದರೆ ಪೋಲರ್‌ಗೇ ತಿಳಿಯುತ್ತಿತ್ತು. ಈಗ ಪೋಲರ್‌ಗೆ ಸರಿ ಎಂಬ ಉತ್ತರ ಸಿಕ್ಕು, ಅರ್ಧ ಗಂಟೆಯ ಮೇಲೆ ಡಿಸ್ಕ್‌ಗೆ ಬರೆಯುವಾಗ ಫೈಲ್‌ನ ಕಾಲಂ ಸಂಖ್ಯೆ ಹೊಂದದೆ ಬಿದ್ದರೆ ಅದು ಡೀಮನ್‌ನ ಲಾಗ್‌ನಲ್ಲಷ್ಟೇ ಇರುತ್ತದೆ. ಆ ಲಾಗನ್ನು ನೋಡುವ ಅಭ್ಯಾಸ ಹೊಸದಾಗಿ ಮಾಡಿಕೊಳ್ಳಬೇಕು.

ಉಳಿದವು ಸಣ್ಣಪುಟ್ಟವು, ಆದರೂ ಅರ್ಧ ದಿನ ತಿನ್ನಬಲ್ಲವು. ‘-ಬಿ’ಗೆ ಕೊಡುವ ಮೂಲ ಡೈರೆಕ್ಟರಿಯ ದಾರಿಯಲ್ಲಿ ಎಲ್ಲೂ ಸಿಂಬಾಲಿಕ್ ಲಿಂಕ್ ಇರಬಾರದು. ಸಾಕೆಟ್‌ನ ಗುಂಪು ಮತ್ತು ಪರ್ಮಿಶನ್ ಹೇಳುವ ‘-ಎಸ್’, ‘-ಎಂ’ ಆಯ್ಕೆಗಳು ‘-ಎಲ್’ಗಿಂತ ಮುಂಚೆ ಬರಬೇಕು, ನಂತರ ಬಂದರೆ ಆ ಸಾಕೆಟ್‌ಗೆ ಅನ್ವಯಿಸುವುದಿಲ್ಲ. ಸಾಧನವೊಂದನ್ನು ತೆಗೆದುಹಾಕಿ ಫೈಲ್ ಅಳಿಸುವ ಮೊದಲು ‘ಫರ್ಗೆಟ್’ ಆದೇಶ ಕೊಡಿ. ನೆಟ್‌ವರ್ಕ್ ಮೇಲೆ 42217ನೇ ಪೋರ್ಟ್ ತೆರೆದರೆ ಪಾಸ್‌ವರ್ಡ್ ಎಂಬುದೇ ಇಲ್ಲ. ಯಾರು ಬೇಕಾದರೂ ಸುಳ್ಳು ಅಂಕಿ ತುರುಕಬಹುದು. ಒಂದೇ ಯಂತ್ರವಾದರೆ ಯುನಿಕ್ಸ್ ಸಾಕೆಟ್ ಸಾಕು, ಹಲವು ಪೋಲರ್‌ಗಳಿದ್ದರೆ ಫೈರ್‌ವಾಲ್ ಕಡ್ಡಾಯ.

ಕೆಲಸ ಮಾಡುತ್ತಿದೆಯೇ ಎಂದು ನೋಡುವುದು

ಸಾಕೆಟ್‌ಗೆ ಜೋಡಿಸಿಕೊಂಡು ‘ಸ್ಟ್ಯಾಟ್ಸ್’ ಎಂದರೆ ಒಂಬತ್ತು ಸಾಲು ಬರುತ್ತವೆ. ನೋಡಬೇಕಾದ್ದು ಮುಖ್ಯವಾಗಿ ಎರಡು. ‘ಡೇಟಾಸೆಟ್ಸ್‌ರಿಟನ್’ ಅನ್ನು ‘ಅಪ್‌ಡೇಟ್ಸ್‌ರಿಟನ್’ನಿಂದ ಭಾಗಿಸಿ. ಮೇಲಿನ ಹೊಂದಿಕೆಯಲ್ಲಿ 9ರ ಹತ್ತಿರ ಬರಬೇಕು. 2 ಅಥವಾ 3 ಬಂದರೆ ‘ಫ್ಲಶಸ್‌ರಿಸೀವ್ಡ್’ ನೋಡಿ, ಗ್ರಾಫ್‌ಗಳ ಕೈವಾಡ ಅಲ್ಲಿ ಸಿಗುತ್ತದೆ. ಇನ್ನೊಂದು ‘ಕ್ಯೂಲೆಂತ್’. ಅದು ಏರಿ ಇಳಿಯುತ್ತಿದ್ದರೆ ಸರಿ. ಗಂಟೆಗಂಟೆಗೂ ಏರುತ್ತಲೇ ಹೋದರೆ ಡಿಸ್ಕ್ ಸೋಲುತ್ತಿದೆ. ಬರಹದ ಥ್ರೆಡ್‌ಗಳನ್ನು ‘-ಟಿ’ ಮೂಲಕ 4ರಿಂದ 8ಕ್ಕೆ ಏರಿಸಿ ನೋಡಿ. ಹೆಚ್ಚು ಥ್ರೆಡ್ ಇದ್ದರೆ ಕರ್ನಲ್‌ಗೆ ಬರಹಗಳನ್ನು ಹೊಂದಿಸಿ ಜೋಡಿಸಲು ಅವಕಾಶ ಹೆಚ್ಚು. ಅದಕ್ಕೂ ಬಗ್ಗದಿದ್ದರೆ ತೊಂದರೆ ರ‍್ಯಾಮ್‌ನಲ್ಲೋ ಡಿಸ್ಕ್‌ನಲ್ಲೋ ಇದೆ, ಡೀಮನ್‌ನಲ್ಲಿಲ್ಲ. ‘ಐಒಸ್ಟ್ಯಾಟ್’ನ ಶೇಕಡಾ ಬಳಕೆಯ ಕಾಲಂ ಎಸ್‌ಎಸ್‌ಡಿಯಲ್ಲೂ ರೇಡ್‌ನಲ್ಲೂ ದಾರಿ ತಪ್ಪಿಸುತ್ತದೆ, ಅಲ್ಲಿ ಕಾಯುವ ಸಮಯದ ಕಾಲಂ ನಂಬಿ.

ಎಸ್‌ಎಸ್‌ಡಿ ಇದ್ದರೆ ಬೇಕೇ?

ವೇಗಕ್ಕಾಗಿ ಬೇಡ. ಸೆಕೆಂಡಿಗೆ 1,140 ಬರಹ ಸಾಧಾರಣ ಎಸ್‌ಎಸ್‌ಡಿಗೂ ಲೆಕ್ಕಕ್ಕಿಲ್ಲ. ಬಾಳಿಕೆಗಾಗಿ ಮಾತ್ರ ಬೇಕೇ ಬೇಕು ಎನ್ನಬಹುದು. 1,140 ಬ್ಲಾಕ್ ಎಂದರೆ ಸೆಕೆಂಡಿಗೆ 4.7 ಎಂಬಿ, ದಿನಕ್ಕೆ ಸುಮಾರು 400 ಜಿಬಿ. ಅಷ್ಟರಲ್ಲಿ ಪೋಲರ್ ತಂದ ಹೊಸ ಅಂಕಿಗಳ ತೂಕ 461 ಎಂಬಿ! ವರ್ಷಕ್ಕೆ 147 ಟಿಬಿ ಬರಹ, ಅದರ ಮೇಲೆ ಎಸ್‌ಎಸ್‌ಡಿ ತನ್ನೊಳಗೆ ಮಾಡಿಕೊಳ್ಳುವ ಮರುಬರಹ ಬೇರೆ. 600 ಟಿಬಿ ಬರಹದ ಖಾತರಿ ಇರುವ ಡ್ರೈವ್ ಕಾಗದದ ಮೇಲೆಯೇ ನಾಲ್ಕು ವರ್ಷಕ್ಕೆ ಮುಗಿಯುತ್ತದೆ. ಡೀಮನ್ ಹಾಕಿದರೆ ದಿನಕ್ಕೆ 76 ಜಿಬಿ. ಹತ್ತು ಸಾವಿರ ಫೈಲ್‌ಗಿಂತ ಕಡಿಮೆ ಇದ್ದು ಎಸ್‌ಎಸ್‌ಡಿಯೂ ಇದ್ದರೆ ಡೀಮನ್‌ನ ಗೊಡವೆಯೇ ಬೇಡ, ಒಂದು ಚಲಿಸುವ ಭಾಗ ಕಡಿಮೆಯಾಯಿತು.

ಫೈಲ್‌ಸಿಸ್ಟಂ ವಿಷಯದಲ್ಲಿ ಎಕ್ಸ್‌ಟಿ4 ಅಥವಾ ಎಕ್ಸ್‌ಎಫ್‌ಎಸ್ ಸಾಕು, ಹೆಚ್ಚು ತಲೆಕೆಡಿಸಿಕೊಳ್ಳಬೇಕಿಲ್ಲ. ಝಡ್‌ಎಫ್‌ಎಸ್‌ನಲ್ಲಿ ಮಾತ್ರ ಎಚ್ಚರ. ಅದರ ರೆಕಾರ್ಡ್ ಗಾತ್ರ 128 ಕೆಬಿ. ನಮ್ಮ 94,816 ಬೈಟ್‌ನ ಫೈಲ್ ಅದಕ್ಕಿಂತ ಚಿಕ್ಕದಾದ್ದರಿಂದ ಇಡೀ ಫೈಲ್ ಒಂದೇ ರೆಕಾರ್ಡ್ ಆಗಿ ಕೂರುತ್ತದೆ, 16 ಬೈಟ್ ಬದಲಾದರೂ ಪೂರ್ತಿ ಮರುಬರಹ. ಡೇಟಾಸೆಟ್ ಮಾಡುವಾಗಲೇ ರೆಕಾರ್ಡ್ ಗಾತ್ರ 8 ಕೆಬಿಗೆ ಇಳಿಸಬೇಕು; ಆಗಲೇ ಇರುವ ಫೈಲ್‌ಗಳಿಗೆ ಅದು ಅನ್ವಯಿಸದ ಕಾರಣ ಅವನ್ನು ನಕಲು ಮಾಡಿಕೊಳ್ಳಬೇಕಾಗುತ್ತದೆ. ಬಿಟಿಆರ್‌ಎಫ್‌ಎಸ್ ಬಳಸುವವರು ಖಾಲಿ ಡೈರೆಕ್ಟರಿಗೆ ಮೊದಲೇ ‘ಸಿಎಚ್‌ಅಟ್ರ್ +ಸಿ’ ಹಾಕಿ ನಂತರ ಫೈಲ್ ತುಂಬಬೇಕು, ಚೆಕ್‌ಸಮ್ ಕೈಬಿಟ್ಟಂತಾಗುತ್ತದೆ ಎಂಬ ಅರಿವಿನೊಂದಿಗೆ.

ಯಾರಿಗೆ ಹೊಂದುವುದಿಲ್ಲ? ಹತ್ತು ಸೆಕೆಂಡಿಗೊಮ್ಮೆ ಅಳೆಯುವವರಿಗೆ, ದಿನಕ್ಕೆ ಸಾವಿರಾರು ಕಂಟೇನರ್ ಹುಟ್ಟಿ ಸಾಯುವಲ್ಲಿ. ಒಂದೊಂದಕ್ಕೂ ಒಂದು ಸ್ಥಿರ ಗಾತ್ರದ ಫೈಲ್ ಎಂಬ ಆರ್‌ಆರ್‌ಡಿಯ ನಂಬಿಕೆಯೇ ಅಲ್ಲಿ ಮುರಿದುಬೀಳುತ್ತದೆ. ಎರಡು ಗಂಟೆಯ ಮಾಹಿತಿಯನ್ನು ಮೆಮೊರಿಯಲ್ಲಿ ಹಿಡಿದು, ಹಿಂಡಿ, ಒಂದೇ ಬ್ಲಾಕ್ ಆಗಿ ಸಾಲಾಗಿ ಬರೆಯುವ ಪ್ರೊಮಿಥಿಯಸ್‌ನ ಸಂಗ್ರಹ ಅಲ್ಲಿಗೆ ಸರಿ. ಆದರೆ ಸಾವಿರಾರು ಸ್ವಿಚ್, ವರ್ಷಗಟ್ಟಲೆ ಅದೇ ಪೋರ್ಟ್‌ಗಳು, ಐದು ನಿಮಿಷದ ಅಂತರ, ಆರ್‌ಆರ್‌ಡಿ ಮೇಲೆ ನಿಂತಿರುವ ಸಾಫ್ಟ್‌ವೇರ್ ಇರುವ ಕಡೆ ಇದನ್ನು ಹಾಕದೆ ಹೊಸ ಡಿಸ್ಕ್ ಖರೀದಿಗೆ ಹೊರಡಬೇಡಿ. ಹಲವು ಯಂತ್ರಗಳಲ್ಲಿ ಪೋಲರ್ ಹಂಚುವ ಯೋಚನೆ ಇದ್ದರೆ 1.5 ಅಥವಾ ಅದಕ್ಕಿಂತ ಹೊಸ ಆವೃತ್ತಿ ಬೇಕು, ಫೈಲನ್ನು ದೂರದಿಂದಲೇ ಸೃಷ್ಟಿಸುವ ಆದೇಶ ಬಂದದ್ದು ಆಗಲೇ. ಬ್ಯಾಕಪ್ ಹೊತ್ತಿನಲ್ಲಿ ಮೊದಲು ‘ಫ್ಲಶ್‌ಆಲ್’ ಕೊಟ್ಟು, ‘ಕ್ಯೂಲೆಂತ್’ ಸೊನ್ನೆಯ ಹತ್ತಿರ ಇಳಿದ ಮೇಲೆ ಸ್ನ್ಯಾಪ್‌ಶಾಟ್ ತೆಗೆಯಿರಿ.